ಇಳಿಜಾರಿನಲ್ಲೇ ಕಳೆಯಬೇಕಾದ ಬಾಲ್ಯ

ಆಲ್ಪೈನ್ ಸ್ಕೀಯಿಂಗ್ ಎಂದರೆ ಹಿಮದ ಇಳಿಜಾರಿನಲ್ಲಿ ನೆಟ್ಟ ಗೇಟುಗಳ ನಡುವೆ ಸುಳಿದು, ಮೇಲಿನಿಂದ ಕೆಳಕ್ಕೆ ಆದಷ್ಟು ಬೇಗ ಇಳಿದು ಬರುವ ಸ್ಪರ್ಧೆ. ಗೇಟುಗಳು ಒತ್ತೊತ್ತಾಗಿದ್ದು ಕ್ಷಣಕ್ಷಣಕ್ಕೂ ಹೊರಳಬೇಕಾದದ್ದು ಸ್ಲಾಲಂ. ಗೇಟುಗಳ ಅಂತರ ಹೆಚ್ಚಿದಂತೆ ಅದು ಜೈಂಟ್ ಸ್ಲಾಲಂ, ಸೂಪರ್-ಜಿ ಆಗುತ್ತದೆ. ತಿರುವು ಕಡಿಮೆಯಾಗಿ ವೇಗವೇ ಪ್ರಧಾನವಾದದ್ದು ಡೌನ್‌ಹಿಲ್. ಸ್ವಿಟ್ಜರ್ಲೆಂಡಿನ ವೆಂಗೆನ್‌ನಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಡೌನ್‌ಹಿಲ್ ಓಟದಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದರು. ಅಷ್ಟು ವೇಗದಲ್ಲಿ ಮೈಗೆ ಆಸರೆಯಾಗಿದ್ದದ್ದು ಹೆಲ್ಮೆಟ್, ಬಿಗಿಯಾದ ಉಡುಪು ಮತ್ತು ಕಾಲಿಗೆ ಸಿಕ್ಕಿಸಿದ ಎರಡು ಸ್ಕೀಗಳು, ಅಷ್ಟೆ. ಗೆದ್ದವರಿಗೂ ಸೋತವರಿಗೂ ನಡುವಿನ ಅಂತರವನ್ನು ಸೆಕೆಂಡಿನ ನೂರನೇ ಭಾಗದಲ್ಲಿ ಅಳೆಯುತ್ತಾರೆ.

ಇಂಥ ಆಟಕ್ಕೆ ಧೈರ್ಯ ಮತ್ತು ಕಾಲಿನ ಕಸುವು ಬೇಕೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಆದರೆ ಅವೆರಡೂ ಇದ್ದ ಇಪ್ಪತ್ತರ ತರುಣನನ್ನು ತಂದು ಹತ್ತು ವರ್ಷ ಕಲಿಸಿದರೂ ಅವನು ವಿಶ್ವಮಟ್ಟದ ಆಲ್ಪೈನ್ ಓಟಗಾರ ಆಗುವುದಿಲ್ಲ. ಸ್ಕೀಯ ಅಂಚು ಹಿಮವನ್ನು ಎಷ್ಟು ಕಚ್ಚಿದೆ ಎಂಬುದು ಬುದ್ಧಿಗೆ ತಿಳಿಯುವ ಮೊದಲೇ ಅಂಗಾಲಿಗೆ ತಿಳಿಯಬೇಕು. ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಮನುಷ್ಯನ ಸಹಜ ಪ್ರವೃತ್ತಿ. ಓಟಗಾರ ಮುಂದಕ್ಕೆ ಬಾಗಬೇಕು. ಆ ಸಹಜ ಭಯ ಬೇರು ಬಿಡುವ ಮೊದಲೇ, ಅಂದರೆ ಮೂರು–ನಾಲ್ಕನೇ ವಯಸ್ಸಿಗೇ, ಮಗು ಹಿಮದ ಮೇಲೆ ನಿಂತಿರಬೇಕು. ಮುಂದಿನ ಹದಿನೈದು ವರ್ಷ ಪ್ರತಿ ಚಳಿಗಾಲದಲ್ಲೂ ಬಿಸಿಲಿಗೆ ಹಿಮ ಮೆತ್ತಗಾಗುವ ಮುನ್ನವೇ ಎದ್ದು ಗೇಟುಗಳ ನಡುವೆ ಇಳಿಯಬೇಕು. ಮಗು ಬೆಳೆದಂತೆಲ್ಲ ಬೂಟು ಬದಲಾಗುತ್ತದೆ, ಸ್ಕೀಯೂ ಬದಲಾಗುತ್ತದೆ. ಪುರುಷರ ಸ್ಲಾಲಂ ಸ್ಕೀ ಕನಿಷ್ಠ 165 ಸೆಂಟಿಮೀಟರ್ ಇರಬೇಕು, ಡೌನ್‌ಹಿಲ್ ಸ್ಕೀ 218. ಒಂದರಲ್ಲಿ ಇನ್ನೊಂದರ ಕೆಲಸ ನಡೆಯುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಇದೆಲ್ಲವನ್ನೂ ಒದಗಿಸುವವರು ಯಾರು? ಯಾವ ಕ್ರೀಡಾ ಇಲಾಖೆಯೂ ಅಲ್ಲ, ಯಾವ ಅಕಾಡೆಮಿಯೂ ಅಲ್ಲ. ಆ ವಯಸ್ಸಿನ ಮಗುವಿಗೆ ಇರುವುದು ಮನೆ ಮಾತ್ರ. ಹೀಗಾಗಿ ಆಲ್ಪೈನ್ ಚಾಂಪಿಯನ್ನರ ವೃತ್ತಿಜೀವನವನ್ನು ಅವರ ಕುಟುಂಬದ ಕತೆಯಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಈ ಆಟದ ಅತಿ ದೊಡ್ಡ ಹೆಸರಾದ ಅಮೆರಿಕದ ಮಿಕೇಲಾ ಶಿಫ್ರಿನ್ ಅವರ ಬದುಕು ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಹುಟ್ಟಿದ್ದು 1995ರ ಮಾರ್ಚ್‌ನಲ್ಲಿ, ಕೊಲರಾಡೋದ ಸ್ಕೀ ಪಟ್ಟಣವಾದ ವೇಲ್‌ನಲ್ಲಿ. ಅರಿವಳಿಕೆ ತಜ್ಞರಾಗಿದ್ದ ತಂದೆ ಜೆಫ್ ಕಾಲೇಜು ದಿನಗಳಲ್ಲಿ ಸ್ಕೀ ಓಟಗಾರ. ನರ್ಸ್ ಆಗಿದ್ದ ತಾಯಿ ಐಲೀನ್ ಕೂಡ ಸ್ಪರ್ಧೆಗಳಲ್ಲಿ ಭಾಗವಹಿಸಿದವರು. ಅಣ್ಣ ಟೇಲರ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಮಿಕೇಲಾ ಹದಿನಾರು ತುಂಬುವ ಮೊದಲೇ, 2011ರಲ್ಲಿ, ವಿಶ್ವಕಪ್ ಓಟಕ್ಕೆ ಇಳಿದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 18ನೇ ವಯಸ್ಸಿಗೆ ಸ್ಲಾಲಂ ಚಿನ್ನ ಗೆದ್ದರು. ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರ 86 ವಿಶ್ವಕಪ್ ಗೆಲುವುಗಳ ದಾಖಲೆ ಮೂರು ದಶಕಕ್ಕೂ ಹೆಚ್ಚು ಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. ಅದನ್ನು 2023ರ ಮಾರ್ಚ್‌ನಲ್ಲಿ, ಸ್ವೀಡನ್ನಿನ ನೆಲದಲ್ಲೇ, ಶಿಫ್ರಿನ್ ದಾಟಿದರು. ನೂರನೇ ಗೆಲುವು 2025ರ ಫೆಬ್ರವರಿಯಲ್ಲಿ ಇಟಲಿಯ ಸೆಸ್ಟ್ರಿಯೇರೆಯಲ್ಲಿ ಬಂತು.

ಈ ಅಂಕಿಗಳ ಹಿಂದೆ ತಾಯಿ ಐಲೀನ್ ಇದ್ದಾರೆ. ಮಗಳು ವಿಶ್ವಕಪ್‌ಗೆ ಕಾಲಿಟ್ಟ ಮೇಲೂ ಅವರು ಕೋಚ್ ಆಗಿ ಜೊತೆಯಲ್ಲೇ ದೇಶದಿಂದ ದೇಶಕ್ಕೆ ತಿರುಗಿದರು. ತಂದೆ ಕೆಲಸ ಮಾಡುತ್ತ ಮನೆ ನಡೆಸಿದರು, ಬಿಡುವಾದಾಗ ಓಟದ ಅಂಗಳದ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತರು. 2020ರ ಫೆಬ್ರವರಿಯಲ್ಲಿ ಮನೆಯಲ್ಲಾದ ಅವಘಡದಿಂದ ಜೆಫ್ ತೀರಿಕೊಂಡಾಗ ಮಿಕೇಲಾ ತಿಂಗಳುಗಟ್ಟಲೆ ಸ್ಪರ್ಧೆಯಿಂದ ದೂರ ಉಳಿದರು. ಸಂಗಾತಿಯಾಗಿ ಅವರು ಆರಿಸಿಕೊಂಡದ್ದು ನಾರ್ವೆಯ ಡೌನ್‌ಹಿಲ್ ಓಟಗಾರ ಅಲೆಕ್ಸಾಂಡರ್ ಆಮೋಟ್ ಕಿಲ್ಡೆ ಅವರನ್ನು. 2024ರ ಜನವರಿಯಲ್ಲಿ ಕಿಲ್ಡೆ ವೆಂಗೆನ್‌ನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ಅದೇ ವರ್ಷ ನವೆಂಬರಿನಲ್ಲಿ ಕಿಲ್ಲಿಂಗ್ಟನ್‌ನಲ್ಲಿ ಮಿಕೇಲಾ ಬಿದ್ದು ಹೊಟ್ಟೆಯ ಪಕ್ಕದಲ್ಲಿ ಆಳವಾದ ಗಾಯವಾಯಿತು. ನಡುವೆ ಏಪ್ರಿಲ್‌ನಲ್ಲಿ ಇಬ್ಬರ ನಿಶ್ಚಿತಾರ್ಥ ನಡೆದಿತ್ತು. ಆಟ, ಮನೆ, ಆಸ್ಪತ್ರೆ ಎಂಬ ಗಡಿಗಳು ಇಂಥ ಬದುಕಿನಲ್ಲಿ ಉಳಿಯುವುದಿಲ್ಲ.

ವೈದ್ಯರ ಮನೆ, ಸ್ಕೀ ಪಟ್ಟಣ ಎರಡೂ ಇದ್ದುದರಿಂದ ಶಿಫ್ರಿನ್ ಉದಾಹರಣೆ ಸಿರಿವಂತರದು ಎನ್ನಬಹುದು. ಕ್ರೊಯೇಷಿಯಾದ ಕೊಸ್ತೆಲಿಚ್ ಕುಟುಂಬಕ್ಕೆ ಅವೆರಡೂ ಇರಲಿಲ್ಲ. ಯುಗೊಸ್ಲಾವಿಯಾ ಒಡೆದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ತಂದೆ ಆಂತೆ ಇಬ್ಬರು ಮಕ್ಕಳನ್ನು ಹತ್ತಿಸಿಕೊಂಡು ಆಲ್ಪ್ಸ್ ಕಡೆಗೆ ಕಾರು ಓಡಿಸುತ್ತಿದ್ದರು. ಹೋಟೆಲಿಗೆ ದುಡ್ಡಿಲ್ಲದೆ ರಾತ್ರಿ ಕಾರಿನಲ್ಲೋ ಟೆಂಟಿನಲ್ಲೋ ಮಲಗುತ್ತಿದ್ದರು. ಮಗಳು ಯಾನಿತ್ಸಾ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದಳು. ಮಗ ಇವಿತ್ಸಾ 2011ರಲ್ಲಿ ವಿಶ್ವಕಪ್ ಸಮಗ್ರ ಪ್ರಶಸ್ತಿ ಪಡೆದ. ಆದರೆ ಯಾನಿತ್ಸಾ ಮೊಣಕಾಲು, ಬೆನ್ನಿನ ನೋವಿನಿಂದ ಬಳಲಿ 2007ರಲ್ಲಿ, 25ನೇ ವಯಸ್ಸಿಗೇ, ನಿವೃತ್ತಿ ಹೇಳಿದಳು. ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ 2012ರಿಂದ 2019ರವರೆಗೆ ಸತತ ಎಂಟು ಬಾರಿ ಸಮಗ್ರ ಚಾಂಪಿಯನ್ ಆದದ್ದೂ ತಂದೆ ಫರ್ಡಿನಾಂಡ್ ಅವರ ಕಣ್ಗಾವಲಿನಲ್ಲೇ. ಹಣ ಕಡಿಮೆ ಇದ್ದರೂ ನಡೆದೀತು. ಹಿಮದ ಹತ್ತಿರ ಇಲ್ಲದಿದ್ದರೆ, ಹಿಮಕ್ಕಾಗಿ ತನ್ನ ಬದುಕನ್ನೇ ತಿರುಗಿಸಿಕೊಳ್ಳುವ ಒಬ್ಬ ಹಿರಿಯ ಮನೆಯಲ್ಲಿ ಇಲ್ಲದಿದ್ದರೆ ನಡೆಯದು.

ಭಾರತದ ಆಲ್ಪೈನ್ ಚರಿತ್ರೆಯೂ ಇದನ್ನೇ ಹೇಳುತ್ತದೆ. ಚಳಿಗಾಲದ ಒಲಿಂಪಿಕ್ಸ್‌ಗೆ 1964ರಲ್ಲಿ ಮೊದಲು ಹೋದ ಜೆರೆಮಿ ಬುಜಾಕೋವ್‌ಸ್ಕಿ ಪೋಲಿಷ್ ಮೂಲದ ಮನೆತನದವರು. 1988ರಲ್ಲಿ ಶೈಲಜಾ ಕುಮಾರ್ ಕ್ಯಾಲ್ಗರಿಯಲ್ಲಿ ಸ್ಲಾಲಂ ಇಳಿದು, ಆ ಕೂಟದಲ್ಲಿ ಭಾಗವಹಿಸಿದ ಮೊದಲ ಭಾರತೀಯ ಮಹಿಳೆಯಾದರು. ಆದರೆ ಹಿಮದ ನಾಡಿನಲ್ಲೇ ಬೇರೂರಿದ ಓಟಗಾರರು ಬಂದದ್ದು ಮುಖ್ಯವಾಗಿ ಎರಡು ಊರುಗಳ ಆಸುಪಾಸಿನಿಂದ: ಹಿಮಾಚಲದ ಮನಾಲಿ ಮತ್ತು ಕಾಶ್ಮೀರದ ಗುಲ್ಮಾರ್ಗ್. ಮನಾಲಿ ಬಳಿಯ ಬುರುವಾ ಹಳ್ಳಿಯ ರೋಶನ್ ಠಾಕೂರ್ ಭಾರತೀಯ ಚಳಿಗಾಲದ ಕ್ರೀಡಾ ಒಕ್ಕೂಟದ ಆಡಳಿತದಲ್ಲಿದ್ದವರು. ಅವರ ಮಗ ಹಿಮಾಂಶು 2014ರಲ್ಲಿ ಸೋಚಿಯಲ್ಲಿ ಜೈಂಟ್ ಸ್ಲಾಲಂ ಓಡಿದರು. ಮಗಳು ಆಂಚಲ್ 2018ರ ಜನವರಿಯಲ್ಲಿ ಟರ್ಕಿಯ ಎರ್ಜುರಂನಲ್ಲಿ ಕಂಚು ಗೆದ್ದಾಗ, ಅಂತರರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕವೆಂದು ದೇಶ ಸಂಭ್ರಮಿಸಿತು.

ಗುಲ್ಮಾರ್ಗ್‌ನ ಕತೆ ಇನ್ನಷ್ಟು ಸ್ಪಷ್ಟ. ಪ್ರವಾಸಿಗಳಿಗೆ ಸ್ಕೀ ಬಾಡಿಗೆ ಕೊಟ್ಟು, ಗೈಡ್ ಆಗಿ ದುಡಿಯುತ್ತಿದ್ದ ಯಾಸೀನ್ ಖಾನ್ ಅವರ ಮಗ ಆರಿಫ್ 1990ರಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ಸ್ಕೀ ಕಟ್ಟಿದರು. ಅಂಗಡಿಯ ಬಾಗಿಲು ದಾಟಿದರೆ ಇಳಿಜಾರು. ಹನ್ನೆರಡಕ್ಕೆ ರಾಷ್ಟ್ರೀಯ ಪದಕ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟದಲ್ಲಿ ಎರಡು ಚಿನ್ನ. ಮುಂದೆ ಯುರೋಪಿನಲ್ಲಿ ಅಭ್ಯಾಸ ಮಾಡುವ ಖರ್ಚು ತಂದೆಯ ಅಂಗಡಿಯ ಅಳವಿಗೆ ಮೀರಿತು. 2018ರ ಒಲಿಂಪಿಕ್ಸ್ ಅವಕಾಶ ಹಣದ ಕೊರತೆಯಿಂದಲೇ ಕೈತಪ್ಪಿತು. ಮುಂದಿನ ಕೂಟದ ಅರ್ಹತಾ ಸುತ್ತುಗಳು ಬಂದಾಗ ಅವರು ಗೊತ್ತಾಗಿದ್ದ ತಮ್ಮ ಮದುವೆಯನ್ನೇ ಮುಂದಕ್ಕೆ ಹಾಕಿದರು. 2022ರ ಬೀಜಿಂಗ್ ಕೂಟಕ್ಕೆ ಭಾರತದಿಂದ ಹೋದ ಸ್ಪರ್ಧಿ ಅವರೊಬ್ಬರೇ. ಸುರಿವ ಹಿಮದಲ್ಲಿ ಅನೇಕರು ಗುರಿ ಮುಟ್ಟದೆ ಉಳಿದ ಜೈಂಟ್ ಸ್ಲಾಲಂನಲ್ಲಿ ಅವರು ಎರಡೂ ಸುತ್ತು ಮುಗಿಸಿ 45ನೆಯವರಾದರು. ಒಟ್ಟು ಸಮಯ 2 ನಿಮಿಷ 47.24 ಸೆಕೆಂಡ್. ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೋ ಓಡರ್ಮಾಟ್ ಅವರಿಗಿಂತ ಸುಮಾರು 38 ಸೆಕೆಂಡ್ ಹಿಂದೆ. ಹಿಮದಲ್ಲೇ ಹುಟ್ಟಿ ಬೆಳೆದವರಿಗೂ ಅಂತರ ಇಷ್ಟು. ಅದನ್ನು ಆರಿಫ್ ಅವರ ಕೊರತೆಯೆಂದು ಓದುವುದು ತಪ್ಪು. ನಾಲ್ಕರಿಂದ ಹದಿನೆಂಟರವರೆಗೆ ಯುರೋಪಿನ ಮಗುವಿಗೆ ಸಿಗುವ ಗೇಟು, ಕೋಚ್, ಸ್ಪರ್ಧೆಗಳ ಸಂಖ್ಯೆಯನ್ನು ಆ 38 ಸೆಕೆಂಡು ಅಳೆಯುತ್ತವೆ.

ಈ ಹಿನ್ನೆಲೆಯಲ್ಲಿ, ಹಿಮವೇ ಬೀಳದ ಗಡಿನಾಡಿನ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕಡೆ ನೋಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲೆರಡು ಬೀದರ್ ಜಿಲ್ಲೆಯಲ್ಲೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲೂ ಇದ್ದವು. ಈಗ ಅವು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳ ಭಾಗ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ದಖನಿ ಎಂಬ ರೂಢಿ ಇಲ್ಲಿ ಇನ್ನೂ ಉಳಿದಿದೆ. ಕೆಂಪು ಜಂಬಿಟ್ಟಿಗೆಯ ದಿನ್ನೆ, ಕಬ್ಬಿನ ಗದ್ದೆ, ತೊಗರಿ ಹೊಲ, ತಾಂಡೂರಿನ ಕಲ್ಲುಗಣಿ. ಚಳಿ ಇಲ್ಲವೆಂದೇನೂ ಅಲ್ಲ. ಡಿಸೆಂಬರ್–ಜನವರಿಯಲ್ಲಿ ತೆಲಂಗಾಣದ ಅತಿ ಕಡಿಮೆ ಉಷ್ಣಾಂಶದ ಪಟ್ಟಿಯಲ್ಲಿ ಜಹೀರಾಬಾದ್ ಪಕ್ಕದ ಕೋಹೀರ್ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಚಳಿ ಬೇರೆ, ಹಿಮ ಬೇರೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಬೇಳೆಯ ರುಚಿಗೆ ಅಲ್ಲಿಯ ಮಣ್ಣು ಕಾರಣವೆಂದು ಎಲ್ಲರೂ ಒಪ್ಪುತ್ತಾರೆ. ಆಲ್ಪೈನ್ ಓಟಗಾರರೂ ಆ ತೊಗರಿಯಂತೆಯೇ ನೆಲದ ಬೆಳೆ. ಒಪ್ಪಲು ಮಾತ್ರ ಜನ ಹಿಂಜರಿಯುತ್ತಾರೆ.

ಈ ಹಿಂಜರಿಕೆ ಒಲಿಂಪಿಕ್ಸ್ ಮುಗಿದಾಗಲೆಲ್ಲ ಕೇಳಿಬರುತ್ತದೆ. ಹಳ್ಳಿಗಳಲ್ಲಿ ಪ್ರತಿಭೆಗೆ ಬರವಿಲ್ಲ, ಪ್ರೋತ್ಸಾಹ ಒಂದಿದ್ದರೆ ಸಾಕು ಎಂಬ ಭಾಷಣ ತಾಲೂಕು ಕ್ರೀಡಾಂಗಣಗಳಿಗೆ ಹೊಸದಲ್ಲ. ಕುಸ್ತಿಗೆ ಆ ಮಾತು ನಿಜ. ಗಡಿಯ ಜಾತ್ರೆಗಳ ಕುಸ್ತಿ ಕಣದಲ್ಲಿ ಮಗ ಇಳಿಯುವ ಮೊದಲು ಅಪ್ಪನೋ ಸೋದರಮಾವನೋ ಅದೇ ಮಣ್ಣಿನಲ್ಲಿ ಬೆಳ್ಳಿ ಕಡಗ ಗೆದ್ದಿರುತ್ತಾನೆ. ಕೊಡಗಿನ ಹಾಕಿಗೂ ಅದು ನಿಜ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಊರು, ಕ್ಲಬ್ಬುಗಳ ಬದಲು ಮನೆತನಗಳೇ ತಂಡ ಕಟ್ಟುತ್ತವೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದ ಕೂಟಕ್ಕೆ 360 ತಂಡಗಳು ಬಂದವು. ಕುಸ್ತಿಗೂ ಹಾಕಿಗೂ ಮನೆ ಇದೆ, ನೆಲ ಇದೆ. ಸ್ಕೀಯಿಂಗ್‌ಗೆ ಜಹೀರಾಬಾದಿನಲ್ಲಿ ಎರಡೂ ಇಲ್ಲ. ನಾರಾಯಣಖೇಡದ ತಾಂಡಾಗಳಲ್ಲಂತೂ ಸ್ಥಿತಿ ತಿರುಗುಮುರುಗು. ಆಲ್ಪ್ಸ್‌ನಲ್ಲಿ ಮಕ್ಕಳನ್ನು ಇಳಿಜಾರಿಗೆ ಕರೆದೊಯ್ಯುವ ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲೇ ಇಲ್ಲಿಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ವಲಸೆ ಹೋಗುತ್ತವೆ. ಅಲ್ಲಿಯೂ ಇಡೀ ಕುಟುಂಬ ಒಂದು ಕೆಲಸಕ್ಕಾಗಿ ಊರೂರು ತಿರುಗುತ್ತದೆ, ಇಲ್ಲಿಯೂ ತಿರುಗುತ್ತದೆ. ಅಲ್ಲಿ ಮಗುವಿನ ಆಟಕ್ಕಾಗಿ, ಇಲ್ಲಿ ಮಗುವಿನ ಶಾಲೆ ತಪ್ಪಿಸಿ.

ಹಾಗಾದರೆ ಹಿಮವಿಲ್ಲದ ನಾಡಿನಿಂದ ಸ್ಕೀ ಚಾಂಪಿಯನ್ ಬರುವುದೇ ಇಲ್ಲವೇ? ಬಂದಿದ್ದಾರೆ, ಆದರೆ ಆಲ್ಪೈನ್ ದಾರಿಯಲ್ಲಲ್ಲ. ಕೊಡಗಿನ ತೆಕ್ಕಡ ನಂಜುಂಡ ಭವಾನಿ ಕಾಫಿ ಬೆಳೆಗಾರರ ಮಗಳು. ಎನ್‌ಸಿಸಿಯಿಂದ ಪರ್ವತಾರೋಹಣಕ್ಕೆ, ಪರ್ವತಾರೋಹಣದಿಂದ ಗುಲ್ಮಾರ್ಗ್‌ನ ಸ್ಕೀ ತರಬೇತಿಗೆ ಬಂದವರು. ಅವರು ಆರಿಸಿಕೊಂಡದ್ದು ಕ್ರಾಸ್ ಕಂಟ್ರಿ, ಅಂದರೆ ಏರು, ಇಳಿವು, ಸಮತಟ್ಟು ಎಲ್ಲದರ ಮೇಲೂ ತನ್ನ ಉಸಿರಿನ ಬಲದಲ್ಲೇ ಸಾಗುವ ನಾರ್ಡಿಕ್ ಓಟ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಹಾರ್ಬಿನ್‌ನ ಏಷ್ಯನ್ ಚಳಿಗಾಲದ ಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅದೇ ವರ್ಷ ಚಿಲಿಯಲ್ಲಿ 5 ಕಿಲೋಮೀಟರ್ ಓಟದಲ್ಲಿ ಕಂಚು ಪಡೆದು, ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು.

ಭವಾನಿ ಅವರ ಉದಾಹರಣೆಯನ್ನು ಹಿಮವಿಲ್ಲದಿದ್ದರೂ ಎಲ್ಲವೂ ಸಾಧ್ಯ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವವರು ಆಲ್ಪೈನ್ ಮತ್ತು ನಾರ್ಡಿಕ್ ನಡುವಿನ ವ್ಯತ್ಯಾಸವನ್ನು ಮರೆಯುತ್ತಾರೆ. ಕ್ರಾಸ್ ಕಂಟ್ರಿಯ ಬಂಡವಾಳ ಶ್ವಾಸಕೋಶ, ಹೃದಯ, ಸಹನೆ. ಬೆಟ್ಟ ಹತ್ತಿ ಇಳಿದ ಮೈಗೆ ಅವು ಮೊದಲೇ ಇರುತ್ತವೆ. ಹಿಮವಿಲ್ಲದ ತಿಂಗಳುಗಳಲ್ಲಿ ಗಾಲಿ ಕಟ್ಟಿದ ರೋಲರ್ ಸ್ಕೀ ಮೇಲೆ ಡಾಂಬರು ರಸ್ತೆಯಲ್ಲೇ ಅಭ್ಯಾಸ ನಡೆಯುತ್ತದೆ. ನಾರ್ವೆಯವರೂ ಬೇಸಿಗೆಯಲ್ಲಿ ಮಾಡುವುದು ಅದನ್ನೇ. ಇಪ್ಪತ್ತರ ಆಸುಪಾಸಿನಲ್ಲಿ ಶುರುಮಾಡಿದವರೂ ಇದರಲ್ಲಿ ಒಂದು ಮಟ್ಟ ಮುಟ್ಟಬಲ್ಲರು. ಆಲ್ಪೈನ್ ಓಟಕ್ಕೆ ರಸ್ತೆಯ ಬದಲಿ ಇಲ್ಲ, ತಡವಾದ ಆರಂಭಕ್ಕೆ ಕ್ಷಮೆಯೂ ಇಲ್ಲ. ಭವಾನಿ ಗೆದ್ದದ್ದು ತಮ್ಮ ಹಿನ್ನೆಲೆಗೆ ಒಗ್ಗುವ ಆಟವನ್ನು ಆರಿಸಿಕೊಂಡದ್ದರಿಂದ. ಆ ಆಯ್ಕೆಯ ವಿವೇಕವನ್ನು ಅವರ ಶ್ರಮದಷ್ಟೇ ಮೆಚ್ಚಬೇಕು.

ಮನೆ ಮಾಡಲಾಗದ್ದನ್ನು ಸಂಸ್ಥೆ ಮಾಡಬಲ್ಲದು ಎಂಬುದಕ್ಕೆ ತೆಲಂಗಾಣದಲ್ಲೇ ಒಂದು ಬಲವಾದ ಉದಾಹರಣೆ ಇದೆ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಗ್ರಾಮದ ಕೃಷಿ ಕೂಲಿ ಕುಟುಂಬದ ಮಾಲಾವತ್ ಪೂರ್ಣಾ ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. 2014ರ ಮೇ 25ರಂದು, ಹದಿನಾಲ್ಕು ತುಂಬುವ ಮೊದಲೇ, ಎವರೆಸ್ಟ್ ಏರಿದಳು. ಜೊತೆಯಲ್ಲಿ ಖಮ್ಮಂ ಕಡೆಯ ಸಾಧನಪಲ್ಲಿ ಆನಂದ್ ಕುಮಾರ್ ಇದ್ದ. ಆ ಶಾಲೆಗಳ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಆರ್.ಎಸ್. ಪ್ರವೀಣ್ ಕುಮಾರ್ ಈ ಸಾಹಸಕ್ಕೆ ಬೆನ್ನೆಲುಬಾದರು. ಮಕ್ಕಳು ಮೊದಲು ಹತ್ತಿದ್ದು ಭುವನಗಿರಿಯ ಬಂಡೆ, ಆಮೇಲೆ ಡಾರ್ಜಿಲಿಂಗ್, ಲಡಾಖ್. ಬೂಟು, ಊಟ, ಕೋಚ್, ಪ್ರಯಾಣ, ಧೈರ್ಯದ ಮಾತು, ಕೊಸ್ತೆಲಿಚ್ ತಂದೆ ಕಾರಿನಲ್ಲಿ ಹೊತ್ತು ತಿರುಗಿದ ಇದಿಷ್ಟನ್ನೂ ಇಲ್ಲಿ ಒಂದು ಸರ್ಕಾರಿ ವಸತಿ ಶಾಲೆ ಹೊತ್ತಿತು. ನಾರಾಯಣಖೇಡದ ತಾಂಡಾದ ಲಂಬಾಣಿ ಹುಡುಗಿಗೆ ಪೂರ್ಣಾಳ ದಾರಿ ಆಲ್ಪೈನ್ ಚಾಂಪಿಯನ್ನರ ದಾರಿಗಿಂತ ಸಾವಿರ ಪಾಲು ಹತ್ತಿರ. ಅವಳ ಊರಿನ ಹತ್ತಿರದಲ್ಲೂ ಅಂಥ ವಸತಿ ಶಾಲೆಗಳಿವೆ.

ಆದರೆ ಸಂಸ್ಥೆಗೂ ಒಂದು ಮಿತಿ ಇದೆ. ವಸತಿ ಶಾಲೆ ಮಗುವನ್ನು ಸೇರಿಸಿಕೊಳ್ಳುವುದು ಐದನೇ ತರಗತಿಯಿಂದ. ಅಷ್ಟರಲ್ಲಿ ಆಲ್ಪೈನ್ ಓಟಗಾರರ ಅರ್ಧ ಶಿಕ್ಷಣ ಮುಗಿದಿರುತ್ತದೆ. ಹೀಗಾಗಿ ರಾಜ್ಯ ಸರ್ಕಾರವೊಂದು ಚಳಿಗಾಲದ ಕ್ರೀಡೆಗೆ ಹಣ ಹಾಕುವುದಾದರೆ ಹತ್ತು ವರ್ಷದ ನಂತರ ಶುರುಮಾಡಬಲ್ಲ, ಅಥವಾ ಇಲ್ಲಿಯ ಬೇರೊಂದು ಆಟದಿಂದ ದಾಟಿಬರಬಲ್ಲ ವಿಭಾಗಗಳಿಗೆ ಹಾಕುವುದು ಸರಿ. ರೋಲರ್ ಸ್ಕೇಟಿಂಗ್‌ನಿಂದ ಐಸ್ ಸ್ಕೇಟಿಂಗ್‌ಗೆ ದಾಟುವುದು ಅಂಥ ಒಂದು ದಾರಿ. ಹೈದರಾಬಾದಿನ ನಯನಶ್ರೀ ತಾಳ್ಳೂರಿ 2025ರಲ್ಲಿ ಲೇಹ್‌ನ ಖೇಲೋ ಇಂಡಿಯಾ ಕೂಟದಲ್ಲಿ ತೆಲಂಗಾಣಕ್ಕೆ ಚಿನ್ನ ತಂದದ್ದು ಐಸ್ ಸ್ಕೇಟಿಂಗ್‌ನಲ್ಲಿ. 2024ರ ಕೂಟದಲ್ಲಿ ಕರ್ನಾಟಕ ಸೇನಾ ತಂಡದ ನಂತರ ಎರಡನೇ ಸ್ಥಾನಕ್ಕೆ ಬಂದದ್ದಕ್ಕೂ ಸ್ಕೇಟಿಂಗ್ ಮತ್ತು ನಾರ್ಡಿಕ್ ಪದಕಗಳು ನೆರವಾದವು. ಮಂಜುಗಡ್ಡೆಯನ್ನು ಯಂತ್ರವಿಟ್ಟು ನಗರದೊಳಗೇ ಹೆಪ್ಪುಗಟ್ಟಿಸಬಹುದು. ನೂರಾರು ಮೀಟರ್ ಇಳಿಯುವ ಹಿಮದ ಬೆಟ್ಟವನ್ನು ವಿಕಾರಾಬಾದಿನ ಅನಂತಗಿರಿಯಲ್ಲಿ ಕಟ್ಟಲು ಬರುವುದಿಲ್ಲ. ಕಟ್ಟಲು ಹೊರಟರೆ ಆ ವಿದ್ಯುತ್ತು, ಆ ನೀರು ಯಾರ ಹೊಲದಿಂದ ಬರಬೇಕೆಂಬ ಪ್ರಶ್ನೆ ಏಳುತ್ತದೆ.

ಈ ಕಡೆಯಿಂದ ಆಲ್ಪೈನ್ ಓಟಗಾರರು ಬರಲು ಉಳಿದಿರುವುದು ಒಂದೇ ಸಾಧ್ಯತೆ. ಜಹೀರಾಬಾದ್, ಬೀದರ್, ತಾಂಡೂರು ಕಡೆಯಿಂದ ಹೊರಟ ಕುಟುಂಬ ಹಿಮವಿರುವಲ್ಲಿ ನೆಲೆಸಿ, ಮಗುವಿನ ಬಾಲ್ಯ ಅಲ್ಲೇ ಕಳೆಯುವುದು. ಕೊಲರಾಡೋ, ಯೂಟಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬೆಳೆಯುವ ಕನ್ನಡ, ತೆಲುಗು ಮನೆಗಳ ಮಕ್ಕಳಿಗೆ ಇಳಿಜಾರು ದೂರವಲ್ಲ. ಅಲ್ಲಿಂದ ಒಬ್ಬ ಆಲ್ಪೈನ್ ಓಟಗಾರ್ತಿ ಬಂದರೆ ಆಶ್ಚರ್ಯವಿಲ್ಲ. ಆದರೆ ಅವಳು ಭಾರತದ ಪರ ಓಡಬಹುದೇ ಎಂಬುದು ಬೇರೆ ಮಾತು. 2008ರ ಕ್ರೀಡಾ ಸಚಿವಾಲಯದ ನೀತಿಯಂತೆ ಭಾರತೀಯ ಪೌರತ್ವ ಇರುವವರಷ್ಟೇ ದೇಶವನ್ನು ಪ್ರತಿನಿಧಿಸಬಹುದಿತ್ತು. ಭಾರತ ಎರಡು ಪೌರತ್ವಗಳನ್ನು ಒಪ್ಪದ ಕಾರಣ ವಿದೇಶಿ ಪಾಸ್‌ಪೋರ್ಟ್ ಪಡೆದ ಮನೆಯ ಮಗು ಈ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಬೇರೆ ದೇಶಗಳು ತಾಯಿಯ ನೆಲಕ್ಕೆ ಮರಳುವ ದಾರಿಯನ್ನು ತೆರೆದಿಟ್ಟಿವೆ. ನಾರ್ವೆ ಪರ ಓಡುತ್ತಿದ್ದ ಲೂಕಾಸ್ ಪಿನ್ಹೇರೋ ಬ್ರಾಥೆನ್ 2024ರಲ್ಲಿ ತಾಯಿಯ ದೇಶವಾದ ಬ್ರೆಜಿಲ್ ಪರ ಇಳಿದು, ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಬೀವರ್ ಕ್ರೀಕ್‌ನಲ್ಲಿ ಎರಡನೆಯವರಾಗಿ ಬಂದರು. ನಿವೃತ್ತಿಯ ನಂತರ ಮರಳಿದ ಹಿರ್ಷರ್ ಕೂಡ 2024ರಲ್ಲಿ ಆಸ್ಟ್ರಿಯಾ ಬಿಟ್ಟು ತಾಯಿಯ ನೆದರ್‌ಲೆಂಡ್ಸ್ ಪರ ಓಡಿದರು. ನೆದರ್‌ಲೆಂಡ್ಸ್‌ನಲ್ಲಿ ಬೆಟ್ಟವೇ ಇಲ್ಲ, ಬ್ರೆಜಿಲ್‌ನಲ್ಲಿ ಸ್ಕೀ ಹಿಮವೇ ಇಲ್ಲ. ಬೇರೆ ದೇಶದ ಇಳಿಜಾರಿನಲ್ಲಿ, ತಂದೆ–ತಾಯಿಯ ಖರ್ಚಿನಲ್ಲಿ ಬೆಳೆದ ಬಾಲ್ಯವನ್ನು ಆ ಎರಡು ದೇಶಗಳು ಒಂದು ಪಾಸ್‌ಪೋರ್ಟಿನ ಮೂಲಕ ತಮ್ಮದಾಗಿಸಿಕೊಂಡವು.